ಒಂದು ಫೋನು, ಮನೆಗೊಂದು ಕೂ

ಹೋದ ತಿಂಗಳು ಟೆಲಿಫೋನ್ ಆಫೀಸಿನ ಲೈನ್‌ಮನ್ ಬಂದು ಅತ್ತೆಯ ಮನೆಯ ಕಪ್ಪು ಫೋನನ್ನು ಬಿಚ್ಚಿಕೊಂಡು ಹೋದ. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ. ಅತ್ತೆ ಅವನಿಗೆ ಮೊದಲು ಕಾಫಿ ಕೊಟ್ಟರು. ಫೋನಿನ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ತೆಗೆದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವನು ಫೋನನ್ನು ತಲೆಕೆಳಗಾಗಿ ಚೀಲಕ್ಕೆ ಇಳಿಸಲು ಹೋದಾಗ ಕೈ ಹಿಡಿದು ನಿಲ್ಲಿಸಿ, ನೆಟ್ಟಗೆ ತಿರುಗಿಸಿ ಕೊಟ್ಟರು. ಲೈನ್‌ಮನ್ ನಕ್ಕ. ಅತ್ತೆಯೂ ನಕ್ಕರು. ಮರುದಿನ ನೋಡಿದರೆ ಕಿಟಕಿಯ ಹಲಗೆಯ ಮೇಲೆ ಫೋನಿನ ಜಾಗದಲ್ಲಿ ಎಲೆಯಡಿಕೆ ತಟ್ಟೆ ಕೂತಿತ್ತು. ಅಷ್ಟೇ ನಡೆದದ್ದು. ಆದರೂ ಆ ಫೋನಿನ ಜೊತೆ ನಾನು ಕಂಡ ಅತ್ತೆಯನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿದ್ದು ಅವತ್ತೇ.

ಅವರು ನನಗೆ ಸ್ವಂತ ಅತ್ತೆಯಲ್ಲ. ಯಸಳೂರಿನಿಂದ ಮೇಲೆ, ಗುಡ್ಡದ ಒಂದೇ ಮಗ್ಗುಲಲ್ಲಿ ನಮ್ಮ ನಾಲ್ಕು ಮನೆಗಳು. ಎತ್ತರದಲ್ಲಿ ಅವರದು, ಅದರ ಕೆಳಗೆ ನನ್ನ ತವರು, ಗದ್ದೆಯ ಅಂಚಿಗೆ ಕೆಳಗಿನ ಮನೆ, ಹಳ್ಳ ದಾಟಿದರೆ ಆಚೆ ಮನೆ. ಎಲ್ಲರದೂ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು, ಊಟಕ್ಕೆ ಗದ್ದೆ. ಬೇಲಿಯಾಚೆ ಒಂದು ದೊಡ್ಡ ಎಸ್ಟೇಟು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೋಟದೊಳಗೆ ಏರಬೇಕು ಇಲ್ಲವೇ ಇಳಿಯಬೇಕು. ಸಮತಟ್ಟಾದ ದಾರಿ ಯಾವುದಕ್ಕೂ ಇಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಅತ್ತೆಯ ಮನೆಗೆ ಫೋನು ಬಂತು. ಬೆರಳು ಹಾಕಿ ತಿರುಗಿಸುವ ಚಕ್ರದ್ದು. ಅವರು ಅದನ್ನು ಬರಿಯ ಸಾಮಾನು ಎಂದು ತಿಳಿದದ್ದು ನಾನು ಕಂಡಿಲ್ಲ. ಗಂಟೆ ಬಾರಿಸಿದರೆ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ನಿಂತುಕೊಂಡೇ ಎತ್ತುತ್ತಿದ್ದರು. ಆ ಕಡೆಯವರಿಗೆ ಕಾಣುವುದಿಲ್ಲವಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಕಾಣದಿದ್ರೆ ಏನಾಯ್ತು, ದನಿಯಾಗೆ ಗೊತ್ತಾಯ್ತದೆ" ಎಂದರು. ಆಮೇಲೆ ಗಮನಿಸಿದೆ. ಕುಕ್ಕರಗಾಲಲ್ಲಿ ಕೂತು ಮಾತಾಡಿದವರ ದನಿಯೂ ನಿಂತು ಮಾತಾಡಿದವರ ದನಿಯೂ ನಿಜಕ್ಕೂ ಬೇರೆ.

ಫೋನು ಅವರ ಮನೆಯಲ್ಲಿತ್ತು ಅನ್ನುವುದು ಸರಿ. ಆದರೆ ನಂಬರು ನಾಲ್ಕೂ ಮನೆಯದಾಗಿತ್ತು. ನನ್ನ ಮದುವೆಯ ಕರೆಯೋಲೆಯಲ್ಲಿ ಅಪ್ಪನ ಹೆಸರಿನ ಕೆಳಗೆ ಆ ನಂಬರಿದೆ, ಪಕ್ಕದಲ್ಲಿ ಪಿ.ಪಿ. ಎಂದಿದೆ. ಆಗ ಫೋನಿಲ್ಲದವರು ನೆರೆಮನೆಯ ನಂಬರು ಕೊಟ್ಟು ಹೀಗೆ ಎರಡಕ್ಷರ ಸೇರಿಸುವುದು ರೂಢಿ: ಇಲ್ಲಿಗೆ ಮಾಡಿ, ಅವರು ನಮ್ಮನ್ನು ಕರೆಯುತ್ತಾರೆ ಎಂದು ಅರ್ಥ. ಮಾಡಿದವರು ಯಾರು ಬೇಕೆಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತೇನೆಂದು ಇಟ್ಟುಬಿಡುತ್ತಿದ್ದರು. ಅಷ್ಟರೊಳಗೆ ನಾವು ಗುಡ್ಡ ಹತ್ತಿರಬೇಕು.

ಕರೆಯುವುದು ಹೇಗೆ ಎನ್ನುವುದೇ ಮೊದಲ ಒಂದು ವರ್ಷದ ತಾಪತ್ರಯವಾಯಿತು. ಓಡಿ ಹೋಗಿ ಹೇಳಿ ಬರಲು ಆಳಿಲ್ಲ. ಅತ್ತೆ ಎಲ್ಲಿಂದಲೋ ರೈಲು ಕಂಬಿಯ ತುಂಡೊಂದನ್ನು ತರಿಸಿ ಹಲಸಿನ ಮರಕ್ಕೆ ನೇತುಹಾಕಿ ಬಡಿದರು. ನಮಗೆಲ್ಲ ಚೆನ್ನಾಗಿ ಕೇಳಿಸಿತು. ಎಸ್ಟೇಟಿನ ಆಳುಗಳಿಗೂ ಚೆನ್ನಾಗಿ ಕೇಳಿಸಿತು. ಅಲ್ಲಿ ಊಟಕ್ಕೆ ಬಿಡುವ ಗಂಟೆಯೂ ಕಂಬಿಯದೇ. ಆಳುಗಳೆಲ್ಲ ಕತ್ತಿ ಕೆಳಗಿಟ್ಟು ಬುತ್ತಿ ಬಿಚ್ಚಿ ಕೂತರು. ಎರಡನೇ ಸಲವೂ ಹಾಗೇ ಆದಾಗ ಎಸ್ಟೇಟಿನ ರೈಟರು, ಅಂದರೆ ಹಾಜರಿ ನೋಡಿಕೊಳ್ಳುವವರು, ಬೇಲಿಯ ತನಕ ಬಂದು ನಿಂತು, "ಅಮ್ಮಾರೆ, ನಿಮ್ಗ್ ಫೋನ್ ಬಂದ್ರೆ ನಮ್ಮೋರು ಯಾಕ್ರೀ ಉಣ್ಬೇಕು" ಎಂದು ಕೇಳಿದರು.

ಕಂಬಿ ಬಿಟ್ಟು ದೇವರ ಮನೆಯ ಜಾಗಟೆ ತೆಗೆದುಕೊಂಡರು. ಕೆಳಗಿನ ಮನೆಯ ಅಜ್ಜಿ, ಹೊತ್ತಲ್ಲದ ಹೊತ್ತಿನಲ್ಲಿ ಮಂಗಳಾರತಿಯೇ ಎಂದು ಇದ್ದಲ್ಲೇ ಕಣ್ಣು ಮುಚ್ಚಿ ಕೈ ಮುಗಿದು ನಿಂತುಬಿಡುತ್ತಿತ್ತು. ಫೋನಿಗೆ ಬರುತ್ತಲೇ ಇರಲಿಲ್ಲ. ಜಾಗಟೆ ಬಿಟ್ಟು ಸೀಮೆಎಣ್ಣೆ ಡಬ್ಬ ಬಡಿದರು. ಅದು ಇನ್ನೂ ಕೆಟ್ಟಿತು. ನಮ್ಮ ಕಡೆ ಡಬ್ಬ ಬಡಿದರೆ ಆನೆ ಬಂದಿದೆ ಎಂದು ಅರ್ಥ. ಆಚೆ ಮನೆಯವರನ್ನು ಫೋನಿಗೆ ಕರೆದರೆ ಅವರು ದನ ಒಳಗೆ ಹೊಡೆದುಕೊಂಡು ಬಾಗಿಲು ಹಾಕಿಕೊಂಡರು. ಫೋನು ಎರಡನೇ ಸಲ ಬಾರಿಸಿತು, ಮೂರನೇ ಸಲ ಬಾರಿಸಿತು. ಮಾಡುತ್ತಿದ್ದವರು ಅವರ ಬೀಗರು. ಅಳಿಯನಿಗೆ ಕೆಲಸ ಸಿಕ್ಕಿದ ಸುದ್ದಿಯನ್ನು ಕೊನೆಗೆ ಅತ್ತೆಯೇ ಹಳ್ಳ ದಾಟಿ, ಮುಚ್ಚಿದ ಬಾಗಿಲಿನ ಹೊರಗೆ ನಿಂತು ಹೇಳಿ ಬಂದರು.

ಅಂದಿನಿಂದ ಕೂ, ಅಂದರೆ ದೂರದವರನ್ನು ಕರೆಯಲು ಹಾಕುವ ಕೂಗು. ಗುಡ್ಡದ ಮೇಲಿನವರೆಲ್ಲ ಹಾಕುವುದೇ. ಆದರೆ ಅತ್ತೆ ಅದನ್ನು ಮನೆಗೊಂದರಂತೆ ಹಂಚಿದರು. ಕಾಫಿ ಒಣಗಿಸುವ ಕಣದ ಅಂಚಿಗೆ ಬಂದು, ಎರಡೂ ಅಂಗೈ ಬಾಯಿಯ ಪಕ್ಕಕ್ಕಿಟ್ಟು, ಗಲ್ಲ ಎತ್ತಿ ಹಾಕುತ್ತಿದ್ದರು. ನಮ್ಮ ಮನೆಗೆ ಒಂದೇ ಉದ್ದನೆಯದು, ಕೊನೆಯಲ್ಲಿ ಇಳಿಯುವಂಥದ್ದು. ಕೆಳಗಿನ ಮನೆಗೆ ಚಿಕ್ಕದಾಗಿ ಕತ್ತರಿಸಿ ಕತ್ತರಿಸಿ. ಹಳ್ಳದಾಚೆಗೆ ಉದ್ದವೇ, ಆದರೆ ನಡುವೆ ಒಂದು ಕಡೆ ಮುರಿದು ಮೇಲಕ್ಕೆ ಹೋಗಬೇಕು. ಆ ಮುರಿತ ಅತ್ತೆಯ ಗಂಟಲಿಗೆ ಮಾತ್ರ ಬರುತ್ತಿತ್ತು. ನನ್ನ ಅಮ್ಮ ಅದನ್ನು ಕಲಿಯಲು ನೋಡಿ ಕೆಮ್ಮು ಬಂದು ಬಿಟ್ಟಳು.

ನಮ್ಮ ಕೂ ಕೇಳಿಸಿದರೆ ಅಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು. ನನಗೆ ಗಂಡು ಗೊತ್ತಾದ ಸುದ್ದಿ ಬಂದದ್ದೂ ಹಾಗೆಯೇ. ಗಂಡಿನ ಕಡೆಯವರು ಒಪ್ಪಿಗೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಳಗಿನ ಮನೆಯವರು, ಆಚೆ ಮನೆಯವರು ತಮ್ಮ ತಮ್ಮ ಅಂಗಳದಲ್ಲಿ ನಿಂತು ನಮ್ಮ ಕಡೆಯೇ ನೋಡುತ್ತಿದ್ದರು. ಯಾರ ಮನೆಯ ಕೂ ಎಂದು ಎಲ್ಲರಿಗೂ ಗೊತ್ತಲ್ಲ. ಮಾತು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಬಂದವರು ಮಾತಾಡುವಾಗ ಅತ್ತೆ ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮೊರದಲ್ಲಿ ಕಾಫಿ ಬೀಜ ಆರಿಸುತ್ತಾ ಕೂತಿರುತ್ತಿದ್ದರು. ಏನೇನೋ ಕೇಳಿಸಿಕೊಂಡಿರಬೇಕು. ಒಬ್ಬರ ಮಾತು ಇನ್ನೊಬ್ಬರ ಮನೆಗೆ ಅವರ ಬಾಯಿಂದ ಹೋದದ್ದನ್ನು ನಾನು ಕೇಳಿಲ್ಲ.

ಒಂದೇ ಒಂದು ಕಾರಣಕ್ಕೆ ಬಾಯಿ ಹಾಕುತ್ತಿದ್ದರು. ಮಾತು ಮುಗಿದು, ಸುಮ್ಮನೆ ಮತ್ತೆ ಅದನ್ನೇ ಹೇಳುವುದು ಶುರುವಾದರೆ, ಗೋಡೆಯ ಕಡೆಯಿಂದಲೇ, "ಇಡ್ರೀ, ಬಿಲ್ಲು ಓಡ್ತೈತೆ." ಬಂದ ಫೋನಿಗೆ ನಮಗೆ ಬಿಲ್ಲಿಲ್ಲ ಎಂದು ಎಲ್ಲರೂ ಹೇಳಿ ನೋಡಿದ್ದರು. "ಅವರ್ಗೆ ಓಡ್ತೈತಲ್ಲ, ಅವ್ರೇನು ಬ್ಯಾರೆಯೋರಾ?" ಎನ್ನುತ್ತಿದ್ದರು. ಎಂಥ ಮಾತುಗಾರನಾದರೂ ಆ ದನಿ ಬೆನ್ನಿಗೆ ಬಿದ್ದ ಕೂಡಲೇ ರಿಸೀವರ್ ಇಟ್ಟುಬಿಡುತ್ತಿದ್ದ. ಕೈ ತಾನೇ ಇಳಿಯುತ್ತಿತ್ತು. ನನ್ನ ಗಂಡ, ಆಗಿನ್ನೂ ಮದುವೆಯಾಗಿರಲಿಲ್ಲ, ಆ ಕಡೆಯಿಂದ ಕೇಳಿಸಿಕೊಂಡು ತಾನೂ ಇಟ್ಟುಬಿಟ್ಟಿದ್ದರು.

ಮದುವೆಯಾಗಿ ನಾನು ಹಾಸನಕ್ಕೆ ಬಂದೆ, ಶಾಲೆಯ ಕೆಲಸ ಹಿಡಿದೆ. ಆಮೇಲೆ ಮೊಬೈಲು ಬಂತು. ಗುಡ್ಡದ ಮನೆಗಳ ಒಳಗೆ ಸಿಗ್ನಲ್ ಬರುತ್ತಿರಲಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ಬಂಡೆಯಿದೆ, ಅದರ ಮೇಲೆ ನಿಂತರೆ ಬರುತ್ತಿತ್ತು. ಸಂಜೆಯಾದರೆ ಎಲ್ಲರೂ ಬಂಡೆ ಹತ್ತಿ ಅವರವರ ಮಾತು ಅವರವರು ಮುಗಿಸಿಕೊಂಡು ಇಳಿಯುತ್ತಿದ್ದರು. ಅತ್ತೆಯ ಕೂ ಅಪರೂಪವಾಯಿತು. ಟೆಲಿಫೋನ್ ಆಫೀಸಿನವರು ಬಟನ್ ಫೋನ್ ಕೊಡುತ್ತೇವೆ ಎಂದರೂ ಅತ್ತೆ ಚಕ್ರದ ಫೋನನ್ನು ಬದಲಾಯಿಸಿಕೊಳ್ಳಲಿಲ್ಲ.

ಆ ದಿನಗಳಲ್ಲೇ ಒಂದು ಬೇಸಿಗೆ ರಜೆಗೆ ಅತ್ತೆಯ ಹಾಸನದಲ್ಲಿರುವ ಮಗಳ ಮಗಳು ಬಂದಳು. ನಾನೂ ತವರಿಗೆ ಬಂದಿದ್ದೆ. ಅತ್ತೆ ಹಲಸಿನ ಹಪ್ಪಳ ಒತ್ತುತ್ತಿದ್ದರು, ನಾನು ಬಿಸಿಲಿಗೆ ಹಾಕುತ್ತಿದ್ದೆ. ಹುಡುಗಿಗೆ ಅಮ್ಮನಿಗೆ ಫೋನ್ ಮಾಡಬೇಕಿತ್ತು. ಅಜ್ಜಿ ಕಿಟಕಿಯ ಕಡೆ ಕೈ ತೋರಿಸಿದರು. ಅವಳು ಚಕ್ರದ ತೂತುಗಳೊಳಗೆ ಒಂದೊಂದಾಗಿ ಬೆರಳು ಒತ್ತಿ, ರಿಸೀವರ್ ಕಿವಿಗಿಟ್ಟುಕೊಂಡು ಕಾದಳು.

"ಅಜ್ಜಿ, ಇದು ಕೆಟ್ಟೋಗಿದೆ."

"ತಿರುಗ್ಸು ಕಣೇ, ಒತ್ತಿದ್ರೆ ಏನ್ ಬತ್ತದೆ, ಕಡುಬಾ?"

ತಿರುಗಿಸಿದಳು. ತಿರುಗಿಸಿದ ಮೇಲೆ ಬಿಟ್ಟುಬಿಡಬೇಕು, ಚಕ್ರ ಕರ್ರೆನ್ನುತ್ತಾ ತಾನೇ ಹಿಂದಕ್ಕೆ ಬರಬೇಕು. ಅಷ್ಟು ತಾಳ್ಮೆ ಅವಳಿಗಿಲ್ಲ. ಬೆರಳಿನಿಂದಲೇ ಹಿಂದಕ್ಕೆ ತಳ್ಳಿದಳು. ನಡುವೆ ತಪ್ಪಿದ್ದನ್ನು ಅಳಿಸುವುದು ಹೇಗೆ ಎಂದು ಕೇಳಿದಳು. ಅಳಿಸಂಗಿಲ್ಲ, ಇಟ್ಟು ಮೊದಲಿಂದ ಮಾಡು ಎಂದರು ಅಜ್ಜಿ. ಹಾಸನಕ್ಕೆ ಮಾಡಿದ್ದು ಆಲೂರು ಕಡೆಗೆ ಹೋಗಿ, ಪಾಳ್ಯದ ಯಾರೋ ಎತ್ತಿದರು. ಹುಡುಗಿ ಗಾಬರಿಯಾಗಿ ರಿಸೀವರನ್ನು ಅಜ್ಜಿಗೆ ಕೊಟ್ಟಳು. ಅತ್ತೆ ಸೆರಗು ಸರಿಮಾಡಿಕೊಂಡು, ತಪ್ಪಾಯ್ತು ಎಂದು ಹೇಳಿ, ಆ ಕಡೆ ಮಳೆ ಬಂತಾ ಎಂದು ಕೇಳಿ, ಅವರ ಮನೆಗೆ ಹೆಣ್ಣು ತಂದದ್ದು ನಮ್ಮ ಪಕ್ಕದೂರಿಂದಲೇ ಎಂದು ಕಂಡುಹಿಡಿದು, ಬಿಲ್ಲು ಓಡ್ತೈತೆ ಎಂದು ಇಟ್ಟರು.

ಹುಡುಗಿಯ ಪ್ರಶ್ನೆಗಳು ಮುಗಿಯಲೇ ಇಲ್ಲ. ಯಾರು ಮಾಡ್ತಿದಾರೆ ಅಂತ ಎಲ್ಲಿ ಕಾಣುತ್ತೆ? ಎತ್ತಿ ಕೇಳಿದ್ರೆ ಅವ್ರೇ ಹೇಳ್ತಾರೆ. ಅವರು ಈಗ ಎಲ್ಲಿದಾರೆ ಅಂತ ಹೇಗೆ ಗೊತ್ತಾಗುತ್ತೆ? ಎತ್ತಿದ್ರೆ ಮನೇಲವ್ರೆ, ಎತ್ತದಿದ್ರೆ ತೋಟದಾಗವ್ರೆ. ಚಕ್ರವನ್ನು ಅವಳು ಹೇಗೋ ಒಪ್ಪಿಕೊಂಡಳು. ಕೂ ಕಥೆಯನ್ನು ಒಪ್ಪಲಿಲ್ಲ.

"ಫೋನು ಅವ್ರಿಗೆ ಬಂದಿದ್ದು, ಕಿರುಚಿದ್ದು ನೀವಾ? ಅವ್ರು ಅವ್ರ ನಂಬರ್ ಯಾಕೆ ಕೊಡ್ಲಿಲ್ಲ?"

"ಅವ್ರುದೂ ಇದೇ ನಂಬರು ಕಣೇ."

ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ಅವಳನ್ನು ಕಣದ ಅಂಚಿಗೆ ಕರೆದುಕೊಂಡು ಹೋಗಿ, ಅಂಗೈ ಹೇಗಿಡಬೇಕೆಂದು ತೋರಿಸಿ, ಮೂರೂ ಮನೆಯ ಕೂಗಳನ್ನು ಮೆಲ್ಲಗೆ ಹೇಳಿಕೊಟ್ಟರು. ಅವಳು ಒಮ್ಮೆ ಹಾಕಿದಳು. ಕೋಳಿಮರಿಯ ದನಿ ಬಂತು. ಎರಡನೇ ಸಲಕ್ಕೆ ಒಪ್ಪಲಿಲ್ಲ. ಕ್ಲಾಸಿನಲ್ಲಿ ಗೊತ್ತಾದರೆ ಮಾನ ಹೋಗುತ್ತೆ ಎಂದು ಒಳಗೆ ಓಡಿದಳು.

ಅಂದು ಅತ್ತೆ ಕೂ ಹಾಕುವಾಗ ಗಲ್ಲ ಎತ್ತಿದರಲ್ಲ, ಆಗಲೇ ನಾನು ಅದನ್ನು ನೋಡಿದ್ದು. ಕುತ್ತಿಗೆಯ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಯಾವಾಗಿನಿಂದ ಎಂದು ಕೇಳಿದೆ. ಸೆರಗು ಎಳೆದುಕೊಂಡು ಹಪ್ಪಳದ ಕಡೆ ಹೋದರು. ಮರುದಿನವೇ ಅವರ ಮಗಳಿಗೆ ಹೇಳಿ ಹಾಸನದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಮಾತಾಡಿದರು. ಕೆಟ್ಟ ಗಡ್ಡೆಯಲ್ಲ, ಜೀವಕ್ಕೆ ಭಯವಿಲ್ಲ, ಆದರೆ ತೆಗೆಯಲೇಬೇಕು. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆಗುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದರು.

ಅತ್ತೆ ಜೀವದ ವಿಚಾರವನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಮಾತು ಒಂಚೂರು ಹೆಚ್ಚು ಕಮ್ಮಿ ಆದ್ರೆ ಆಗ್ಲಿ ಸಾರ್. ಕೂ ಹಾಕಕ್ಕೆ ಆಯ್ತದಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಕೂ ಅಂದರೆ ಏನು ಎಂದು ಮಗಳನ್ನು ಕೇಳಿದರು. ಮಗಳು ಹೇಳಲು ಶುರು ಮಾಡುವ ಮೊದಲೇ ಅತ್ತೆ ಸ್ಟೂಲಿನಿಂದ ಎದ್ದು, ಅಂಗೈಗಳನ್ನು ಬಾಯಿಯ ಪಕ್ಕಕ್ಕಿಟ್ಟು, ಹಳ್ಳದಾಚೆ ಮನೆಯದನ್ನೇ ಹಾಕಿದರು. ಮೇಜಿನ ಮೇಲಿದ್ದ ಗಾಜಿನ ಲೋಟ ಸದ್ದು ಮಾಡಿತು. ಇಬ್ಬರು ನರ್ಸುಗಳು ಬಾಗಿಲು ತಳ್ಳಿಕೊಂಡು ಬಂದರು. ಹೊರಗೆ ಚೀಟಿ ಹಿಡಿದು ಕೂತಿದ್ದವರು ಎದ್ದು ನಿಂತಿದ್ದರು. ಡಾಕ್ಟರು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ, ಇದನ್ನು ಉಳಿಸಲು ನನ್ನ ಕೈಲಾದಷ್ಟು ನೋಡುತ್ತೇನೆ ಎಂದರು. ಆ ಮಾತನ್ನು ಅವರು ನಗದೆ ಹೇಳಿದರು.

ಆಪರೇಷನ್ ದಿನ ನಾನೂ ಮಗಳೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಆ ಬೆಳಿಗ್ಗೆಯ ವಿಷಯ ಬರೆಯಲು ನನಗೆ ಈಗಲೂ ಸಲೀಸಲ್ಲ. ಗೋಡೆಯ ಬಣ್ಣ ತಿಳಿ ಹಸಿರು. ಒಂದು ಕಡೆ ಸುಣ್ಣ ಎದ್ದಿತ್ತು. ನಾನು ಅದನ್ನೇ ನೋಡುತ್ತಿದ್ದೆ. ನನ್ನ ಕಿವಿಯಲ್ಲಿ ನಮ್ಮ ಮನೆಯ ಕೂ ಇತ್ತು, ಆ ಉದ್ದನೆಯದು, ಕೊನೆಯಲ್ಲಿ ಇಳಿಯುವಂಥದ್ದು. ಅದು ಹೋಗಿಬಿಟ್ಟರೆ ನನ್ನ ತವರಿನ ದಾರಿಯೇ ಒಂದಿಷ್ಟು ಕಮ್ಮಿಯಾದಂತೆ ಅನ್ನಿಸಿತು. ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದರು. ದನಿ? ಅದು ಈಗ ಗೊತ್ತಾಗುವುದಿಲ್ಲ. ಎರಡು ದಿನ ತುಟಿ ಬಿಚ್ಚಕೂಡದು, ಆಮೇಲೆ ನಾನೇ ಬಂದು ಮಾತಾಡಿಸುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ಊರಿನ ಸುದ್ದಿ ಬೇಕೆಂದು ಕೈಯಲ್ಲೇ ಚಕ್ರ ತಿರುಗಿಸಿ ತೋರಿಸಿದರು. ಊರಿನ ಮನೆಯಲ್ಲಿದ್ದವರು ಮೊಮ್ಮಗಳು ಮತ್ತು ಅತ್ತೆಯ ಗಂಡ, ನಾವು ಮಾವ ಎನ್ನುವವರು. ಮಾವನಿಗೆ ಕಿವಿ ಮಂದ. ಗುಡ್ಡದಲ್ಲಿ ಮೊಬೈಲು ಹಿಡಿಯುವುದಿಲ್ಲ. ನನ್ನ ಮೊಬೈಲಿನಿಂದ ಆ ಹಳೇ ನಂಬರಿಗೆ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಹಾಸಿಗೆಯ ಮೇಲಿಟ್ಟೆ.

ಹುಡುಗಿ ಎತ್ತಿದಳು. ಅಜ್ಜಿ ಚೆನ್ನಾಗಿದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ, ಮಾತಾಡುವ ಹಾಗಿಲ್ಲ ಎಂದೆ.  "ಇಡಬೇಡಿ, ಹಾಗೇ ಇರಿ" ಎಂದಳು. ರಿಸೀವರನ್ನು ಹಲಗೆಯ ಮೇಲಿಟ್ಟ ಸದ್ದು ಬಂತು. ಚಪ್ಪಲಿಯ ಸದ್ದು ದೂರ ಹೋಯಿತು. ಎಲ್ಲೋ ಕೋಳಿಯೊಂದು ಕೂಗಿತು.

ಆಮೇಲೆ ಕೂ ಕೇಳಿಸಿತು.

ಸಣ್ಣದು, ನಡುಗುವಂಥದ್ದು, ಆದರೆ ನಮ್ಮ ಮನೆಯದೇ. ಕೊನೆಯಲ್ಲಿ ಇಳಿಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಸ್ವಲ್ಪ ಬಿಟ್ಟು ಕೆಳಗಿನ ಮನೆಯದು, ಕತ್ತರಿಸಿ ಕತ್ತರಿಸಿ. ಹಳ್ಳದಾಚೆಯದು ನೆಟ್ಟಗೆ ಹೋಯಿತು, ಮುರಿಯಲೇ ಇಲ್ಲ. ಅತ್ತೆಯ ಇನ್ನೊಂದು ಕೈ ಗಾಳಿಯಲ್ಲಿ ಎದ್ದು, ಇಲ್ಲಿ, ಇಲ್ಲಿ ಮುರೀಬೇಕು ಎನ್ನುವಂತೆ ಕಡಿಯಿತು. ಹುಡುಗಿ ಅದನ್ನು ಕಂಡಳೇನೋ ಎನ್ನುವ ಹಾಗೆ ಇನ್ನೊಮ್ಮೆ ಹಾಕಿದಳು. ಮುರಿಯಿತು, ಮೇಲಕ್ಕೂ ಹೋಯಿತು. ಪಕ್ಕದ ಹಾಸಿಗೆಯ ಹೆಂಗಸು ಎದ್ದು ಕೂತು ನೋಡುತ್ತಿದ್ದಳು.

ನಾವು ಕಾದೆವು. ಮೊಬೈಲಿನಿಂದ ಬರುತ್ತಿದ್ದದ್ದು ಖಾಲಿ ಕೋಣೆಯ ಸದ್ದು ಮಾತ್ರ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮೊದಲು ಅವರ ಏದುಸಿರು ಬಂತು, ಆಮೇಲೆ ಮಾತು.

"ಯಾರಿಗ್ ಮಗಾ ಫೋನು, ನಮ್ಗಾ?" ಇದು ನನ್ನ ಅಮ್ಮ.

"ನಮ್ ಕೂ ಹಾಕಿದ್ಲಲ್ಲ, ನಮ್ಗೇ ಇರ್ಬೇಕು ಬಿಡಕ್ಕ." ಇದು ಆಚೆ ಮನೆಯವರು.

"ಎಲ್ರಿಗೂ," ಎಂದಳು ಹುಡುಗಿ. "ಅಜ್ಜಿದು."

ಎಲ್ಲರಿಗೂ ಒಟ್ಟಿಗೆ ಒಂದು ಫೋನು ಅಷ್ಟು ವರ್ಷದಲ್ಲಿ ಬಂದದ್ದು ನಾನು ಕಂಡಿರಲಿಲ್ಲ. ರಿಸೀವರು ಕೈಯಿಂದ ಕೈಗೆ ಹೋಯಿತು. ಹಾಸನ ದೂರವೆಂದು ಎಲ್ಲರೂ ಜೋರಾಗಿಯೇ ಮಾತಾಡಿದರು. ಅಮ್ಮ, ಎಮ್ಮೆ ಕರು ಹಾಕಿದೆ, ಹೆಣ್ಣು ಕರು ಎಂದಳು. ಆಚೆ ಮನೆಯವರು, ಹೂ ಮಳೆ ಬಂದು ಕಾಫಿ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿದೆ, ಬೇಗ ಬಂದು ನೋಡಕ್ಕ ಎಂದರು. ಕೆಳಗಿನ ಮನೆಯವರು ಇನ್ನೇನೂ ಉಳಿಯದೆ ಮಳೆಯ ಸುದ್ದಿಯನ್ನೇ ಮತ್ತೆ ಹೇಳಿದರು. ಅತ್ತೆ ತಲೆಯಾಡಿಸುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ನಾನು, ಕೇಳಿಸಿಕೊಳ್ತಾ ಇದ್ದಾರೆ, ತಲೆಯಾಡಿಸ್ತಾ ಇದ್ದಾರೆ ಎಂದು ನಡುನಡುವೆ ಹೇಳುತ್ತಿದ್ದೆ.

ಕೊನೆಗೆ ಮಾವನ ಕೈಗೆ ಕೊಟ್ಟರು.

"ಹೆಂಗಿದೀಯೇ?" ಎಂದರು ಮಾವ. ಅತ್ತೆ ತಲೆಯಾಡಿಸಿದರು.

"ಏನಂದೆ? ಕೇಳುಸ್ಲಿಲ್ಲ."

ಅವರು ಮಾತಾಡಂಗಿಲ್ಲ ಮಾವ ಎಂದು ನಾನು ಕೂಗಿದೆ. ಅದೂ ಅವರಿಗೆ ಕೇಳಿಸಲಿಲ್ಲ. ಹಿಂದಿನಿಂದ ನಾಲ್ಕಾರು ಜನ ಒಟ್ಟಿಗೆ ಅವರಿಗೆ ವಿವರಿಸಲು ಹೊರಟು ಏನೂ ತಿಳಿಯದ ಹಾಗಾಯಿತು.

"ಜೋರಾಗ್ ಹೇಳೇ," ಎಂದರು ಮಾವ. ಅವರ ದನಿ ಈಗ ಸ್ವಲ್ಪ ಹೆದರಿತ್ತು. "ಯಾಕೆ ಸುಮ್ಕಿದೀಯ? ಏನಂದೆ?"

ಅತ್ತೆ ನನ್ನ ಮಣಿಕಟ್ಟು ಬಿಟ್ಟರು. ಸೆರಗು ಸರಿಮಾಡಿಕೊಂಡರು. ನಾನು ಬೇಡವೆಂದು ಕೈ ಅಡ್ಡ ಹಿಡಿಯುವಷ್ಟರಲ್ಲಿ ಮೊಬೈಲನ್ನು ಎತ್ತಿ ಬಾಯಿಯ ಹತ್ತಿರ ತಂದುಕೊಂಡಿದ್ದರು.

"ಇಡ್ರೀ," ಎಂದರು. "ಬಿಲ್ಲು ಓಡ್ತೈತೆ."

ಒಣಗಿದ ಎಲೆ ತುಳಿದ ಹಾಗಿತ್ತು ದನಿ. ಆದರೆ ಅವರದೇ, ಬೇರೆ ಯಾರದೂ ಅಲ್ಲ. ನರ್ಸು ಬಾಗಿಲಿನಿಂದಲೇ ಗದರುತ್ತಾ ಬಂದಳು.

"ಹ್ಞಾಂ, ಈಗ ಕೇಳುಸ್ತು," ಎಂದರು ಮಾವ.

ರಿಸೀವರ್ ಇಟ್ಟ ಸದ್ದು ಬಂತು.